ಐಐಎಂ ಐಪಿಎಂ ಸಿಗ್ತದಾ? ಪಿಯುಸಿ ಮಕ್ಕಳ ಚಾನ್ಸ್ ಲೆಕ್ಕ ಹಾಕುವ ಕ್ರಮ

ಪಿಯುಸಿ ಫಲಿತಾಂಶ ಬಂದ ಸಂಜೆ ನನಗೆ ಬರುವ ಫೋನ್‌ಗಳೆಲ್ಲ ಒಂದೇ ಥರ. "ಸರ್, ಮಗಳಿಗೆ 97 ಪರ್ಸೆಂಟ್ ಬಂದಿದೆ. ಐಐಎಂನ ಐದು ವರ್ಷದ ಕೋರ್ಸ್ ಸಿಗ್ತದಾ?" ಪಿಯುಸಿ ಮುಗಿಸಿ ನೇರ ಸೇರುವ ಆ ಮ್ಯಾನೇಜ್‌ಮೆಂಟ್ ಕೋರ್ಸೇ ಐಪಿಎಂ. ನಾನು ಮಂಗಳೂರಿನ ಪಿಯು ಕಾಲೇಜೊಂದರಲ್ಲಿ ಅಕೌಂಟೆನ್ಸಿ ಪಾಠ ಮಾಡುತ್ತೇನೆ. ಈ ಪ್ರಶ್ನೆಗೆ ಫೋನಲ್ಲಿ ಉತ್ತರ ಹೇಳಿ ಹೇಳಿ ಸಾಕಾಗಿದೆ. ಕೇಳುವವರು ಕೊನೆಯ ಮೆಟ್ಟಿಲಿನಿಂದ ಶುರು ಮಾಡುತ್ತಾರೆ. ಮೊದಲ ಮೆಟ್ಟಿಲು ಇದೆಯಾ ಅಂತ ನೋಡಿಯೇ ಇರುವುದಿಲ್ಲ.

ನಮ್ಮ ಊರಿಗೆ ಇನ್ನೊಂದು ತೊಂದರೆ ಇದೆ. 2024ರ ದ್ವಿತೀಯ ಪಿಯುಸಿಯಲ್ಲಿ ದಕ್ಷಿಣ ಕನ್ನಡ ಶೇ. 97.37 ಪಡೆದು ರಾಜ್ಯಕ್ಕೇ ಮೊದಲು, ಉಡುಪಿ ಎರಡನೆಯದು. 2025ರಲ್ಲಿ ಉಡುಪಿ ಶೇ. 93.90ರೊಂದಿಗೆ ಮೊದಲು, ನಾವು ಎರಡನೆಯವರು. ಪಾಸಾದವರ ಲೆಕ್ಕ ಇದು, ಆಯ್ಕೆಯಾದವರ ಲೆಕ್ಕ ಅಲ್ಲ. ಪಕ್ಕದ ಮನೆಯಲ್ಲೂ 95, ಎದುರು ಮನೆಯಲ್ಲೂ 95 ಇರುವ ಊರಲ್ಲಿ ಆ 95 ನೋಡಿ ಚಾನ್ಸ್ ಅಳೆಯುವುದು ಹೇಗೆ ಮಾರಾಯ್ರೆ?

ಕೆಳಗಿನ ಹಂತಗಳನ್ನು ಬರೆದ ಕ್ರಮದಲ್ಲೇ ಮಾಡಿ. ಒಂದರಲ್ಲಿ ಸಿಕ್ಕಿಬಿದ್ದರೆ ಅದನ್ನು ಬಿಡಿಸಿಕೊಂಡು ಮುಂದೆ ಹೋಗಿ.

ಮೊದಲು ಮೇಜಿನ ಮೇಲೆ ಇಡಬೇಕಾದ್ದು

ಎಸ್ಸೆಸ್ಸೆಲ್ಸಿ ಮತ್ತು ಪ್ರಥಮ ಪಿಯುಸಿ ಅಂಕಪಟ್ಟಿ. ಜಾತಿ, ಆದಾಯ ಪ್ರಮಾಣಪತ್ರ ಇದ್ದರೆ ಅದು. ನೀವು ನೋಡುತ್ತಿರುವ ಪ್ರತಿ ಸಂಸ್ಥೆಯ ಈ ವರ್ಷದ ಪ್ರವೇಶ ನಿಯಮದ ಪ್ರಿಂಟ್. ಪ್ರವೇಶ ಪರೀಕ್ಷೆಯ ಪೂರ್ತಿ ಉದ್ದದ ಐದು ಪ್ರಶ್ನೆಪತ್ರಿಕೆ, ಹಳೆಯವಾದರೆ ಒಳ್ಳೆಯದು. ಒಂದು ಗಡಿಯಾರ. ಒಂದು 200 ಪುಟದ ಪುಸ್ತಕ.

ಪ್ರಿಂಟ್ ಯಾಕೆ ಅಂದರೆ, ಮೊಬೈಲಲ್ಲಿ ಓದಿದ ನಿಯಮವನ್ನು ಮನೆಯಲ್ಲಿ ಮೂರು ಜನ ಮೂರು ಥರ ನೆನಪಿಟ್ಟುಕೊಳ್ಳುತ್ತಾರೆ. ಪೆನ್ನಲ್ಲಿ ಗೆರೆ ಎಳೆದ ಕಾಗದದ ಮುಂದೆ ವಾದ ನಡೆಯುವುದಿಲ್ಲ. ಕೋಚಿಂಗ್ ಸೆಂಟರಿನ ಬ್ರೋಷರ್ ಈ ಮೇಜಿಗೆ ಬೇಡ.

ಹಂತ 1: ಬಾಗಿಲು ತೆರೆದಿದೆಯಾ ನೋಡಿ

ಅರ್ಹತೆ ಇಲ್ಲದಿದ್ದರೆ ಚಾನ್ಸ್ ಸೊನ್ನೆ. ಇದನ್ನು ಹೇಳುವುದು ಸುಲಭ, ಆದರೆ ಜಾಸ್ತಿ ಜನ ಬೀಳುವುದು ಇಲ್ಲೇ. ಕಾರಣ ಕಾಂಬಿನೇಶನ್.

ನಮ್ಮ ಕಾಲೇಜುಗಳಲ್ಲಿ ವಾಣಿಜ್ಯ ವಿಭಾಗ ಅಂದರೆ ಹೀಬಾ (ಇತಿಹಾಸ, ಅರ್ಥಶಾಸ್ತ್ರ, ವ್ಯವಹಾರ ಅಧ್ಯಯನ, ಅಕೌಂಟೆನ್ಸಿ), ಇತಿಹಾಸದ ಬದಲು ಸಂಖ್ಯಾಶಾಸ್ತ್ರ ಇದ್ದರೆ ಸೀಬಾ, ಕಂಪ್ಯೂಟರ್ ಬೇಕಾದವರಿಗೆ ಸಿಇಬಿಎ, ಹೀಗೆ. ಇವುಗಳಲ್ಲಿ ಗಣಿತ ಇಲ್ಲ. ಪ್ರಥಮ ಪಿಯುಸಿಗೆ ಸೇರುವಾಗ "ಲೆಕ್ಕ ಯಾಕೆ ಸುಮ್ನೆ ತಲೆನೋವು" ಅಂತ ಬಿಟ್ಟವರು ಎರಡು ವರ್ಷದ ನಂತರ ದೆಹಲಿಯ ಶಹೀದ್ ಸುಖದೇವ್ ಕಾಲೇಜಿನ ಬಿಎಂಎಸ್ (ಮ್ಯಾನೇಜ್‌ಮೆಂಟ್ ಪದವಿ) ಬೇಕು ಅನ್ನುತ್ತಾರೆ. ಆ ಕೋರ್ಸಿಗೆ ಕೇಂದ್ರೀಯ ವಿಶ್ವವಿದ್ಯಾಲಯಗಳ ಸಾಮಾನ್ಯ ಪ್ರವೇಶ ಪರೀಕ್ಷೆಯಾದ ಸಿಯುಇಟಿಯಲ್ಲಿ ಒಂದು ಭಾಷೆ, ಗಣಿತ ಮತ್ತು ಜನರಲ್ ಟೆಸ್ಟ್ ಬರೆದಿರಬೇಕು. 12ರಲ್ಲಿ ಓದಿದ ವಿಷಯವನ್ನೇ ಸಿಯುಇಟಿಯಲ್ಲಿ ಬರೆಯಬೇಕು ಅನ್ನುವುದು ದೆಹಲಿ ವಿಶ್ವವಿದ್ಯಾಲಯದ ನಿಯಮ. ಅಂದರೆ ಹೀಬಾ ಓದಿದ ಹುಡುಗನಿಗೆ 99 ಬಂದರೂ ಆ ಬಾಗಿಲು ಮುಚ್ಚಿದ್ದೇ.

ಬೇಸಿಕ್ ಮ್ಯಾಥ್ಸ್ ತಗೊಂಡವರು ಇನ್ನೂ ಹುಷಾರಾಗಿರಬೇಕು. ನಮ್ಮ ಪಿಯು ಪಟ್ಟಿಯಲ್ಲಿ ಬೇಸಿಕ್ ಮ್ಯಾಥ್ಸ್ ಮತ್ತು ಮ್ಯಾಥಮೆಟಿಕ್ಸ್ ಎರಡು ಬೇರೆ ವಿಷಯಗಳು. ನಮಗೆ ಗೊತ್ತು, ಹೊರ ರಾಜ್ಯದ ಪ್ರವೇಶ ವಿಭಾಗದವರಿಗೆ ಗೊತ್ತಿರಬೇಕು ಅಂತೇನೂ ಇಲ್ಲ. ಅರ್ಜಿ ಹಾಕುವ ಮೊದಲೇ ಆ ಸಂಸ್ಥೆಗೆ ಇಮೇಲ್ ಬರೆದು ಕೇಳಿ. ಬಂದ ಉತ್ತರವನ್ನು ಪ್ರಿಂಟ್ ತೆಗೆದು ಇಟ್ಟುಕೊಳ್ಳಿ. ಫೋನಲ್ಲಿ "ಆಗ್ತದೆ" ಅಂದರೆ ಅದನ್ನು ಲೆಕ್ಕಕ್ಕೆ ಹಿಡಿಯಬೇಡಿ.

ಐಐಎಂಗಳ ಐಪಿಎಂ ಬೇರೆ ಥರ. ಯಾವ ವಿಭಾಗದವರೂ ಬರೆಯಬಹುದು, ಬಾಗಿಲು ತೆರೆದೇ ಇದೆ. ಆದರೆ ಒಳಗೆ ಲೆಕ್ಕವೇ ಕೂತಿದೆ: ಲಾಗರಿದಮ್, ಮ್ಯಾಟ್ರಿಕ್ಸ್, ಪರ್ಮ್ಯುಟೇಶನ್, ಶ್ರೇಢಿ. ಎಸ್ಸೆಸ್ಸೆಲ್ಸಿ ಮುಗಿಸಿ ಲೆಕ್ಕ ಬಿಟ್ಟವರು ಎರಡು ವರ್ಷದ ಪಾಠ ತಾವೇ ಕಲಿಯಬೇಕು. ಹಾಗೆ ಕಲಿತು ದಾಟಿದವರನ್ನು ನೋಡಿದ್ದೇನೆ. ಆದರೆ ಅವರು ಪ್ರಥಮ ಪಿಯುಸಿಯ ದಸರಾ ರಜೆಯಲ್ಲೇ ಶುರು ಮಾಡಿದವರು, ದ್ವಿತೀಯ ಪಿಯುಸಿಯ ಜನವರಿಯಲ್ಲಿ ಅಲ್ಲ.

ಪಾಸಾದ ವರ್ಷ, ವಯಸ್ಸಿನ ಮಿತಿ, ಕನಿಷ್ಠ ಅಂಕ, ಈ ಮೂರನ್ನೂ ಇದೇ ಹಂತದಲ್ಲಿ ಟಿಕ್ ಮಾಡಿ. 2024ರಿಂದ ನಮ್ಮಲ್ಲಿ ಪಿಯುಸಿ ಪರೀಕ್ಷೆಗೆ ವರ್ಷದಲ್ಲಿ ಒಂದಕ್ಕಿಂತ ಹೆಚ್ಚು ಅವಕಾಶ ಇದೆ, ಅಂಕ ಹೆಚ್ಚಿಸಿಕೊಳ್ಳಬಹುದು. ಸಂಸ್ಥೆ ಅಂಕಪಟ್ಟಿ ಕೇಳುವ ಕೊನೆಯ ದಿನದೊಳಗೆ ಆ ಫಲಿತಾಂಶ ಬರುತ್ತದಾ ಅಂತ ನೋಡದೆ ಅದನ್ನು ನಂಬಿ ಕೂರಬೇಡಿ.

ಹಂತ 2: ಯಾವ ಸಾಲಿನಲ್ಲಿ ನಿಂತಿದ್ದೀರಿ?

ಇಲ್ಲಿ ನನ್ನದೇ ಮನೆಯ ಕಥೆ ಹೇಳುತ್ತೇನೆ. ನನ್ನ ಅಕ್ಕನ ಮಗ ರಾಜ್ಯದ 2ಎ ಪ್ರಮಾಣಪತ್ರ ಇಟ್ಟುಕೊಂಡು ಕೇಂದ್ರದ ಸಂಸ್ಥೆಯೊಂದಕ್ಕೆ ಒಬಿಸಿ ಅಂತ ಅರ್ಜಿ ಹಾಕಿದ. ಮಾವ ಆದ ನಾನೇ "ಅದು ಸಾಕು ಬಿಡು" ಅಂದಿದ್ದೆ. ದಾಖಲೆ ಪರಿಶೀಲನೆಯ ಹೊತ್ತಿಗೆ ಅದು ನಡೆಯಲಿಲ್ಲ. ಹೊಸದು ಮಾಡಿಸಲು ಓಡಾಡಿದೆವು, ದಿನ ಮುಗಿಯಿತು. ಹುಡುಗನ ಅಂಕ ಒಬಿಸಿ ಗೆರೆಗಿಂತ ಮೇಲಿತ್ತು, ಜನರಲ್ ಗೆರೆಗಿಂತ ಕೆಳಗಿತ್ತು. ಅಕ್ಕ ಈಗಲೂ ಹಬ್ಬಕ್ಕೆ ಹೋದಾಗ ನೆನಪಿಸುತ್ತಾಳೆ.

ಪ್ರವರ್ಗ 1, 2ಎ, 2ಬಿ, 3ಎ, 3ಬಿ ಎಲ್ಲ ರಾಜ್ಯದ ಪಟ್ಟಿ. ಐಐಎಂ, ದೆಹಲಿ ವಿವಿಯಂಥ ಕಡೆ ಕೇಂದ್ರದ ಒಬಿಸಿ ಪಟ್ಟಿಯೇ ಲೆಕ್ಕ. ರಾಜ್ಯದಲ್ಲಿ ಮೀಸಲಾತಿ ಇದ್ದ ಮಾತ್ರಕ್ಕೆ ಅಲ್ಲೂ ಇದೆ ಅಂತ ಅಲ್ಲ. ನಿಮ್ಮ ಜಾತಿಯ ಹೆಸರು ಕೇಂದ್ರದ ಪಟ್ಟಿಯಲ್ಲಿ ಯಾವ ಕಾಗುಣಿತದಲ್ಲಿದೆ ಅಂತ ಅಕ್ಷರ ಅಕ್ಷರ ಹೊಂದಿಸಿ ನೋಡಿ. ಇದ್ದರೆ ಕೇಂದ್ರದ ನಮೂನೆಯಲ್ಲೇ, ಕೆನೆಪದರಕ್ಕೆ ಸೇರಿಲ್ಲ ಅಂತ ಬರೆದ ಪ್ರಮಾಣಪತ್ರ ತಾಲೂಕು ಕಚೇರಿಯಿಂದ ಮಾಡಿಸಿ. ಇಡಬ್ಲ್ಯೂಎಸ್‌ಗೂ (ಜನರಲ್‌ನಲ್ಲಿ ಆರ್ಥಿಕವಾಗಿ ಹಿಂದುಳಿದವರ ಮೀಸಲಾತಿ) ಬೇರೆ ಪ್ರಮಾಣಪತ್ರ ಬೇಕು. ಎರಡರಲ್ಲೂ ಯಾವ ಹಣಕಾಸು ವರ್ಷದ್ದು ಅಂತ ಕೇಳುತ್ತಾರೆ. ಹೋದ ವರ್ಷ ಅಣ್ಣನಿಗೆ ಮಾಡಿಸಿದ ಕಾಗದದ ದಿನಾಂಕ ತಮ್ಮನಿಗೆ ಉಪಯೋಗಕ್ಕೆ ಬರುವುದಿಲ್ಲ.

ಇದು ಚಾನ್ಸ್ ಲೆಕ್ಕಕ್ಕೆ ಯಾಕೆ ಬೇಕು? 150 ಸೀಟಿನ ಕೋರ್ಸ್ ಅಂತ ಇಟ್ಟುಕೊಳ್ಳಿ. ಪರಿಶಿಷ್ಟ ಜಾತಿಗೆ ಶೇ. 15, ಪರಿಶಿಷ್ಟ ಪಂಗಡಕ್ಕೆ 7.5, ಒಬಿಸಿಗೆ 27, ಇಡಬ್ಲ್ಯೂಎಸ್‌ಗೆ 10. ಕಳೆದರೆ ಉಳಿಯುವುದು ಸುಮಾರು 60. ಜನರಲ್ ವಿದ್ಯಾರ್ಥಿ 150 ಸೀಟು ಇದೆ ಅಂದುಕೊಂಡು ಕೂತಿರುತ್ತಾನೆ. ಅವನಿಗಿರುವುದು 60, ಅದಕ್ಕೂ ದೇಶವೆಲ್ಲ ಸಾಲು.

ಹಂತ 3: ಯಾವುದಕ್ಕೆ ಎಷ್ಟು ತೂಕ

ಪುಸ್ತಕದಲ್ಲಿ ಒಂದೊಂದು ಸಂಸ್ಥೆಗೆ ಒಂದೊಂದು ಪುಟ ಮಾಡಿ. ಮೂರು ಸಾಲು ಸಾಕು: ಪರೀಕ್ಷೆಗೆ ಎಷ್ಟು, ಹಳೆಯ ಅಂಕಕ್ಕೆ ಎಷ್ಟು, ಸಂದರ್ಶನಕ್ಕೆ ಎಷ್ಟು.

ಇಂದೋರ್ ಐಐಎಂನ ಇತ್ತೀಚಿನ ನಿಯಮದಲ್ಲಿ ಕೊನೆಯ ಪಟ್ಟಿಗೆ ಪರೀಕ್ಷೆಗೆ 65, ಸಂದರ್ಶನಕ್ಕೆ 35. ನಿಮ್ಮ ಪಿಯುಸಿ 97 ಅಲ್ಲಿ ಲೆಕ್ಕಕ್ಕೇ ಬರುವುದಿಲ್ಲ. ರೋಹ್ಟಕ್ ಐಐಎಂ ತನ್ನದೇ ಪರೀಕ್ಷೆ ಮಾಡುತ್ತದೆ, ಅಲ್ಲಿ 10 ಮತ್ತು 12ರ ಅಂಕಕ್ಕೆ ಒಳ್ಳೆಯ ಪಾಲಿದೆ. ಜಮ್ಮು ಮತ್ತು ಬೋಧ್‌ಗಯಾ ಐಐಎಂಗಳಿಗೆ ಕೇಂದ್ರದ ಪರೀಕ್ಷಾ ಸಂಸ್ಥೆ ಎನ್‌ಟಿಎ ನಡೆಸುವ ಜಿಪ್‌ಮ್ಯಾಟ್ ಪರೀಕ್ಷೆ. ರಾಂಚಿ ಐಐಎಂ ಇಂದೋರ್ ಪರೀಕ್ಷೆಯ ಅಂಕವನ್ನೇ ತೆಗೆದುಕೊಳ್ಳುತ್ತದೆ. ದೆಹಲಿ ವಿವಿಯಲ್ಲಿ ಸಿಯುಇಟಿಯೇ ಎಲ್ಲ. ಬೋರ್ಡ್ ಅಂಕ ಬೇಕಾಗುವುದು ಇಬ್ಬರು ಸಮ ಬಂದಾಗ ಮಾತ್ರ.

ಈ ಪುಟಗಳನ್ನು ಪಕ್ಕಪಕ್ಕ ಇಟ್ಟರೆ ಒಂದು ವಿಷಯ ತಾನೇ ಕಾಣುತ್ತದೆ. ಎಸ್ಸೆಸ್ಸೆಲ್ಸಿಯಲ್ಲಿ 620, ಪಿಯುಸಿಯಲ್ಲಿ 585 ಇರುವ, ಆದರೆ ಮಾತಾಡಲು ಹಿಂಜರಿಯುವ ಹುಡುಗಿಗೆ ರೋಹ್ಟಕ್ ಒಂದು ಥರ, ಇಂದೋರ್ ಇನ್ನೊಂದು ಥರ. "ಐಐಎಂ ಚಾನ್ಸ್" ಅನ್ನುವ ಒಂದೇ ಸಂಖ್ಯೆ ಇಲ್ಲ. ಪ್ರತಿ ಪುಟಕ್ಕೂ ಬೇರೆ ಬೇರೆ ಉತ್ತರ.

ಹಂತ 4: ಗಡಿಯಾರ ಇಟ್ಟು ಐದು ಪರೀಕ್ಷೆ

ಇದೇ ಮುಖ್ಯ ಕೆಲಸ. ಇದನ್ನು ಬಿಟ್ಟು ಚಾನ್ಸ್ ಹೇಳುವವರನ್ನು ನಂಬಬೇಡಿ, ನನ್ನನ್ನೂ ಸೇರಿಸಿ.

2024ರ ಇಂದೋರ್ ಪತ್ರಿಕೆಯ ಅಳತೆ ಹಿಡಿಯೋಣ. ಒಟ್ಟು 90 ಪ್ರಶ್ನೆ, 120 ನಿಮಿಷ, 360 ಅಂಕ. ಲೆಕ್ಕದಲ್ಲಿ ಬಹು ಆಯ್ಕೆಯ 30, ಉತ್ತರ ಟೈಪ್ ಮಾಡುವ 15. ಇಂಗ್ಲಿಷ್ 45. ಈ ಮೂರು ವಿಭಾಗಗಳಲ್ಲಿ ಪ್ರತಿಯೊಂದಕ್ಕೂ 40 ನಿಮಿಷ. ಒಂದರಲ್ಲಿ ಉಳಿದ ಸಮಯ ಇನ್ನೊಂದಕ್ಕೆ ಸಿಗುವುದಿಲ್ಲ. ಸರಿ ಉತ್ತರಕ್ಕೆ 4. ಬಹು ಆಯ್ಕೆಯಲ್ಲಿ ತಪ್ಪಿದರೆ 1 ಕಳೆಯುತ್ತಾರೆ, ಟೈಪ್ ಮಾಡುವ ಲೆಕ್ಕಕ್ಕೆ ಕಳೆಯುವುದಿಲ್ಲ. ನೋಡಿ, ಇಂಗ್ಲಿಷ್ ಒಂದರದ್ದೇ 180. ಪತ್ರಿಕೆಯ ಅರ್ಧ. ಲೆಕ್ಕದಲ್ಲಿ ಹುಲಿಯಾದವರೂ ಇಲ್ಲಿ ಬೀಳುತ್ತಾರೆ, ಕನ್ನಡ ಮಾಧ್ಯಮದಿಂದ ಬಂದವರಂತೂ ಇದನ್ನು ಮೊದಲ ದಿನವೇ ತಿಳಿದಿರಬೇಕು.

ಐದು ಭಾನುವಾರ, ಐದು ಪತ್ರಿಕೆ. ಅದೇ ಹೊತ್ತು, ಬಾಗಿಲು ಹಾಕಿ, ಮೊಬೈಲ್ ಅಮ್ಮನ ಕೈಯಲ್ಲಿ. ಮಧ್ಯದಲ್ಲಿ ಕಾಫಿ ತಿಂಡಿ ಇಲ್ಲ. ಫ್ಯಾನ್ ನಿಂತು ಬೆವರಿದರೂ ನಿಲ್ಲಿಸಬಾರದು. ಮೇ ತಿಂಗಳ ಮಂಗಳೂರಲ್ಲಿ ಅದೂ ಒಂದು ಅಭ್ಯಾಸವೇ.

ಐದು ಅಂಕ ಬಂದವು ಅಂತ ಇಟ್ಟುಕೊಳ್ಳಿ: 148, 171, 139, 205, 160. ಮನೆಯವರಿಗೆ ನೆನಪಿರುವುದು 205. ನೆಂಟರಿಗೆ ಹೇಳುವುದೂ 205. ಅದನ್ನು ಬಿಟ್ಟುಬಿಡಿ. ಚಿಕ್ಕದರಿಂದ ದೊಡ್ಡದಕ್ಕೆ ಜೋಡಿಸಿದರೆ ಮಧ್ಯದಲ್ಲಿ ಬರುವುದು 160. ಅದು ಇವತ್ತಿನ ನಿಮ್ಮ ಅಂಕ. 139ರಿಂದ 171ರವರೆಗೆ ನಿಮ್ಮ ಹರವು. ಪುಸ್ತಕದಲ್ಲಿ ಈ ಮೂರು ಸಂಖ್ಯೆ ಬರೆಯಿರಿ.

ಆಮೇಲೆ ತಪ್ಪುಗಳನ್ನು ಎಣಿಸಿ. ಬಹು ಆಯ್ಕೆಯ 60 ಪ್ರಶ್ನೆ ಮುಟ್ಟಿ 40 ಸರಿ, 20 ತಪ್ಪಾದರೆ 140. ಅದೇ 40 ಸರಿ, 8 ಮಾತ್ರ ತಪ್ಪಾದರೆ 152. ಹೊಸದಾಗಿ ಒಂದಕ್ಷರ ಕಲಿಯದೆ 12 ಅಂಕ. ಕುರುಡಾಗಿ ಗುರುತು ಹಾಕುವುದನ್ನು ನಿಲ್ಲಿಸಿದ್ದಕ್ಕೆ ಸಿಕ್ಕಿದ್ದು. ನಮ್ಮ ಮಕ್ಕಳಿಗೆ ಇದು ಕಷ್ಟ, ಯಾಕೆಂದರೆ ಪಿಯುಸಿ ಉತ್ತರಪತ್ರಿಕೆಯಲ್ಲಿ "ಏನಾದ್ರೂ ಬರೆದು ಬಾ, ಖಾಲಿ ಬಿಡಬೇಡ" ಅಂತ ಹೇಳಿಕೊಟ್ಟವರು ನಾವೇ ಅಲ್ವಾ.

ಎಚ್ಚರಿಕೆಯ ಚಿಹ್ನೆ: ಒಟ್ಟು ಅಂಕ ಏರುತ್ತಿದೆ, ಆದರೆ ಒಂದು ವಿಭಾಗ ಅಲ್ಲೇ ನಿಂತಿದೆ. ಇಂದೋರ್‌ನಂಥ ಕಡೆ ವಿಭಾಗವಾರು ಕನಿಷ್ಠವನ್ನೂ ದಾಟಬೇಕು. ಒಟ್ಟು ಎಷ್ಟೇ ಇರಲಿ, ಒಂದರಲ್ಲಿ ಕೆಳಗೆ ಬಿದ್ದರೆ ಸಂದರ್ಶನಕ್ಕೆ ಕರೆ ಇಲ್ಲ.

ಇನ್ನೊಂದು ಚಿಹ್ನೆ: ಕೋಚಿಂಗ್ ಸೆಂಟರಿನ ಮಾಕ್‌ನಲ್ಲಿ (ಅಭ್ಯಾಸ ಪರೀಕ್ಷೆ) ಮಗುವಿಗೆ ಯಾವಾಗಲೂ 98 ಪರ್ಸೆಂಟೈಲ್, ಅಂದರೆ ಬರೆದ ನೂರಕ್ಕೆ 98 ಜನ ಇವನಿಗಿಂತ ಹಿಂದೆ. ಆ ಪರ್ಸೆಂಟೈಲ್ ಎಷ್ಟು ಜನರ ನಡುವಿನದು ಅಂತ ಕೇಳಿ. 200 ಜನ ಬರೆದಿದ್ದರೆ, ಆ 200 ಜನರಲ್ಲಿ ಮುಂದೆ ಇದ್ದಾನೆ ಅಂತ ಮಾತ್ರ ಅರ್ಥ.

ಹಂತ 5: ಕಳೆದ ವರ್ಷದ ಗೆರೆಯ ಪಕ್ಕದಲ್ಲಿ ಇಟ್ಟು ನೋಡಿ

ಈಗ ಕಟ್‌ಆಫ್. ಇದನ್ನು ಐದನೇ ಹಂತಕ್ಕೆ ಇಟ್ಟದ್ದು ಬೇಕಂತಲೇ. ಮೊದಲೇ ನೋಡಿದರೆ ಮಕ್ಕಳು ಮಾಕ್ ಅಂಕವನ್ನು ಅದಕ್ಕೆ ಹೊಂದಿಸಿಕೊಳ್ಳುತ್ತಾರೆ, "ಅದು ಸಿಲ್ಲಿ ಮಿಸ್ಟೇಕ್, ಅದಕ್ಕೆ 4 ಸೇರಿಸು" ಅಂತ.

ಎರಡು ಗೆರೆ ಬೇರೆ ಬೇರೆ ಬರೆಯಿರಿ: ಸಂದರ್ಶನಕ್ಕೆ ಕರೆದ ಗೆರೆ ಮತ್ತು ಸೀಟು ಸಿಕ್ಕಿದ ಕೊನೆಯ ಗೆರೆ. ಮೊದಲನೆಯದನ್ನು ದಾಟಿ "ಐಐಎಂ ಆಯ್ತು" ಅಂತ ಸ್ವೀಟ್ ಹಂಚಿದ ಮನೆಗಳಿವೆ. ಎರಡೂ ಜನರಲ್, ಒಬಿಸಿ ಹೀಗೆ ನೀವು ನಿಂತ ಸಾಲಿನದ್ದೇ ಆಗಿರಬೇಕು, ಸಂಸ್ಥೆಯೇ ಪ್ರಕಟಿಸಿದ್ದಾಗಿರಬೇಕು.

ಸಿಯುಇಟಿಯಲ್ಲಿ ಒಂದು ಬಲೆ ಇದೆ. 2024ರಲ್ಲಿ ಭಾಷೆ ಮತ್ತು ಗಣಿತದ ಪತ್ರಿಕೆಗಳಲ್ಲಿ 50ರಲ್ಲಿ 40 ಪ್ರಶ್ನೆ ಆರಿಸಿ ಬರೆಯಬಹುದಿತ್ತು, ಅಂದರೆ ವಿಷಯಕ್ಕೆ 200. 2025ರಲ್ಲಿ 50ಕ್ಕೆ 50 ಕಡ್ಡಾಯ, ವಿಷಯಕ್ಕೆ 250. ಹಳೆಯ ಅಂಕವನ್ನು ಹಾಗೇ ಇಟ್ಟು ಹೋಲಿಸಿದರೆ ಮಗು ಗೆರೆ ದಾಟಿದ ಹಾಗೆ ಕಾಣುತ್ತದೆ. ಒಟ್ಟು ಎಷ್ಟಕ್ಕೆ ಅಂತ ನೋಡದೆ ಯಾವ ಕಟ್‌ಆಫನ್ನೂ ಪುಸ್ತಕಕ್ಕೆ ಇಳಿಸಬೇಡಿ. ಇನ್ನೊಂದು, ಅಲ್ಲಿ ಬೇರೆ ಬೇರೆ ಶಿಫ್ಟ್‌ಗಳ ಅಂಕವನ್ನು ಹೊಂದಾಣಿಕೆ ಮಾಡುತ್ತಾರೆ. ಕೀ ಉತ್ತರ ನೋಡಿ ನೀವು ಎಣಿಸಿದ ಅಂಕವೇ ಫಲಿತಾಂಶದಲ್ಲಿ ಬರುವುದಿಲ್ಲ.

ಈಗ ನಿಮ್ಮ ಹರವನ್ನು ಗೆರೆಯ ಪಕ್ಕ ಇಡಿ. ಅತಿ ಕಡಿಮೆ ಅಂಕವೂ ಗೆರೆಗಿಂತ ಮೇಲಿದ್ದರೆ ಗಟ್ಟಿ. ಗೆರೆ ಹರವಿನ ಒಳಗೆ ಬಿದ್ದರೆ ತೂಗುಯ್ಯಾಲೆ. ಹರವಿನ ಮೇಲ್ತುದಿಯೂ ಗೆರೆ ಮುಟ್ಟದಿದ್ದರೆ ಇವತ್ತಿಗೆ ಕಷ್ಟ. ಶೇ. 73.5 ಚಾನ್ಸ್ ಅಂತೆಲ್ಲ ಹೇಳುವ ಆ್ಯಪ್‌ಗಳನ್ನು ನಾನು ನೋಡುವುದಿಲ್ಲ. ಮಗುವಿನ ಹರವೇ ಗೊತ್ತಿಲ್ಲದ ಯಂತ್ರಕ್ಕೆ ಆ ಅರ್ಧ ಎಲ್ಲಿಂದ ಸಿಕ್ಕಿತು?

ಹಂತ 6: ಸಂದರ್ಶನ ಇರುವ ಕಡೆ

ಪರಿಚಯ ಇಲ್ಲದ ಮೂವರನ್ನು ಕೂರಿಸಿ. ಒಬ್ಬರು ಬ್ಯಾಂಕಿನವರು, ಒಬ್ಬರು ವ್ಯಾಪಾರದವರು, ಒಬ್ಬರು ಪಾಠ ಮಾಡುವವರು ಆದರೆ ಸಾಕು. ನಮ್ಮೂರಲ್ಲಿ ಬ್ಯಾಂಕಿನವರಿಗೆ ಬರವಿಲ್ಲ. ಚಿಕ್ಕಪ್ಪ, ಅತ್ತೆ ಬೇಡ, ಅವರು ಮುಗುಳ್ನಗುತ್ತಾರೆ.

ಮೊದಲ ಪ್ರಶ್ನೆ ಊರಿನ ಮೇಲೆಯೇ ಇರಲಿ. ಕೆನರಾ ಬ್ಯಾಂಕ್ ಮಂಗಳೂರಲ್ಲಿ, ಕಾರ್ಪೊರೇಶನ್ ಬ್ಯಾಂಕ್ ಉಡುಪಿಯಲ್ಲಿ ಹುಟ್ಟಿದ್ದು, ಎರಡೂ 1906ರಲ್ಲಿ. ಸಿಂಡಿಕೇಟ್ 1925ರ ಉಡುಪಿಯದ್ದು. 2020ರ ಏಪ್ರಿಲ್ 1ರಂದು ಸಿಂಡಿಕೇಟ್ ಕೆನರಾದೊಳಗೆ, ಕಾರ್ಪೊರೇಶನ್ ಯೂನಿಯನ್ ಬ್ಯಾಂಕಿನೊಳಗೆ ಸೇರಿತು. ಇಷ್ಟು ಹೇಳಿದರೆ ನೆನಪಿನ ಶಕ್ತಿ ಅಷ್ಟೇ. "ಇದರಿಂದ ನಿಮ್ಮ ಊರಿನ ಸಣ್ಣ ಅಂಗಡಿಯವನಿಗೆ ಏನಾಯಿತು?" ಅನ್ನುವುದಕ್ಕೆ ಎರಡು ನಿಮಿಷ ಮಾತಾಡಬೇಕು. ಶಾಖೆ ಮುಚ್ಚಿದ್ದು, ಖಾತೆ ಸಂಖ್ಯೆ, ಐಎಫ್‌ಎಸ್‌ಸಿ ಬದಲಾದದ್ದು, ಪರಿಚಯದ ಮ್ಯಾನೇಜರ್ ಹೋದದ್ದು, ಏನಾದರೂ ಕಣ್ಣಾರೆ ಕಂಡದ್ದು ಬರಬೇಕು. ಬಾಯಿಪಾಠ ಮಾಡಿದವರು ಇಲ್ಲೇ ನಿಲ್ಲುತ್ತಾರೆ.

ಮೂವರೂ ಹತ್ತಕ್ಕೆ ಅಂಕ ಕೊಡಲಿ. ಇಲ್ಲೂ ಮಧ್ಯದ್ದನ್ನೇ ಹಿಡಿಯಿರಿ. ಅದು 5ಕ್ಕಿಂತ ಕಡಿಮೆ ಇದ್ದರೆ, ಸಂದರ್ಶನಕ್ಕೆ 35 ಇರುವ ಪುಟದಲ್ಲಿ ನಿಮ್ಮ ಗುರುತನ್ನು ಒಂದು ಮೆಟ್ಟಿಲು ಕೆಳಗಿಳಿಸಿ: ಗಟ್ಟಿ ಇದ್ದದ್ದು ತೂಗುಯ್ಯಾಲೆ.

ಹಂತ 7: ದುಡ್ಡು

ಚಿಕ್ಕ ಹಂತ, ಆದರೆ ಬಿಡಬೇಡಿ. ಸೀಟು ಸಿಕ್ಕಿಯೂ ಸೇರಲಾಗದಿದ್ದರೆ ಅದು ಚಾನ್ಸ್ ಅಲ್ಲ. ಐಪಿಎಂಗೆ ವರ್ಷಕ್ಕೆ ಲಕ್ಷಗಟ್ಟಲೆ ಶುಲ್ಕ, ಅದೂ ಐದು ವರ್ಷ. ಮೂರು ವರ್ಷಕ್ಕೆ ಹೊರಬಂದರೆ ಯಾವ ಪದವಿ ಕೊಡುತ್ತಾರೆ ಅಂತ ನಿಯಮದಲ್ಲಿ ಓದಿ. ಸಾಲ ಬೇಕಾದರೆ ಬ್ಯಾಂಕಿಗೆ ಫೆಬ್ರವರಿಯಲ್ಲೇ ಹೋಗಿ ಮಾತಾಡಿ. ಪ್ರವೇಶಪತ್ರ ಕೈಗೆ ಬಂದ ಮೇಲೆ ಶುಲ್ಕ ಕಟ್ಟಲು ಕೊಡುವುದು ಬೆರಳೆಣಿಕೆಯ ದಿನ. ಅಪ್ಪ ಗಲ್ಫ್‌ನಲ್ಲಿದ್ದು, ಕೆಲವು ಖಾಸಗಿ ವಿವಿಗಳ ಎನ್‌ಆರ್‌ಐ ಸೀಟು ನೋಡುವವರು ಅದಕ್ಕೆ ಬೇರೆಯೇ ಪುಟ ಮಾಡಿ, ಈ ಲೆಕ್ಕದೊಂದಿಗೆ ಬೆರೆಸಬೇಡಿ.

ಹಂತ 8: ಪಟ್ಟಿ ಮಾಡುವುದು

ಈಗ, ಈಗ ಮಾತ್ರ, ಕಾಲೇಜುಗಳ ಪಟ್ಟಿ. ಎರಡು ಕಷ್ಟದವು, ಎರಡು ಮೂರು ತೂಗುಯ್ಯಾಲೆಯವು, ಕನಿಷ್ಠ ಎರಡು ಗಟ್ಟಿ. ಗಟ್ಟಿ ಅಂದರೆ ಮಗು ನಿಜವಾಗಿಯೂ ಹೋಗಿ ಓದಬಲ್ಲ ಜಾಗ. ಮಂಗಳೂರಿನ ಸೇಂಟ್ ಅಲೋಶಿಯಸ್, ಮಣಿಪಾಲದ ಮಾಹೆ, ಉಡುಪಿಯ ಪೂರ್ಣಪ್ರಜ್ಞ ಎಲ್ಲ ಮನೆಯಿಂದ ಬಸ್ಸಿಗೆ ಸಿಗುವ ದೂರದಲ್ಲಿವೆ. ಮನೆ ಹತ್ತಿರ ಇದೆ ಅಂತ ಅರ್ಜಿಯ ಕೊನೆಯ ದಿನ ನೋಡದೆ, ಜುಲೈಯಲ್ಲಿ ಬಂದು "ಸರ್, ಎಲ್ಲಾದ್ರೂ ಒಂದು ಸೀಟು" ಅನ್ನುವವರು ಪ್ರತಿ ವರ್ಷ ಇದ್ದೇ ಇರುತ್ತಾರೆ.

ಈ ಲೆಕ್ಕವನ್ನು ಎರಡು ಸಲ ಮಾಡಿ. ಒಮ್ಮೆ ಅರ್ಜಿ ತುಂಬುವ ಮೊದಲು, ಒಮ್ಮೆ ಪರೀಕ್ಷೆಗೆ ಆರು ವಾರ ಇರುವಾಗ ಹೊಸ ಐದು ಪತ್ರಿಕೆಗಳೊಂದಿಗೆ. ಮೊದಲ ಸಲಕ್ಕಿಂತ ಎರಡನೇ ಸಲದ ಮಧ್ಯದ ಅಂಕ 10 ಕೂಡ ಏರದಿದ್ದರೆ ಓದುವ ರೀತಿ ಬದಲಾಗಬೇಕು, ಓದುವ ಗಂಟೆ ಅಲ್ಲ. ಪರೀಕ್ಷಾ ಕೇಂದ್ರ ಬೆಂಗಳೂರು ಬಂದರೆ ಹಿಂದಿನ ದಿನ ಬೆಳಿಗ್ಗೆಯೇ ಹೊರಡಿ. ಘಾಟಿಯಲ್ಲಿ ಲಾರಿ ಅಡ್ಡ ನಿಂತರೆ ಮಾಕ್ ಅಂಕ ಉಪಯೋಗಕ್ಕೆ ಬರುವುದಿಲ್ಲ.

ದೆಹಲಿ ವಿವಿಯ ಪೋರ್ಟಲ್‌ನಲ್ಲಿ ಆದ್ಯತೆ ತುಂಬುವಾಗ ಮಾತ್ರ ಗಟ್ಟಿ, ಕಷ್ಟ ಎಲ್ಲ ಮರೆತುಬಿಡಿ. ಅಲ್ಲಿ ನಿಮಗೆ ಎಲ್ಲಕ್ಕಿಂತ ಬೇಕಾದ್ದು ಮೇಲೆ, ಆಮೇಲಿನದ್ದು ಕೆಳಗೆ. "ಸಿಗುವುದನ್ನು ಮೇಲೆ ಹಾಕೋಣ" ಅಂತ ಹೆದರಿ ಹಾಕಿದರೆ ಸಿಗುವುದು ಸಿಕ್ಕೇಬಿಡುತ್ತದೆ, ಅದರ ಕೆಳಗೆ ಬರೆದ ಒಳ್ಳೆಯ ಕಾಲೇಜು ನಿಮ್ಮ ಅಂಕಕ್ಕೆ ಬರುವಂತಿದ್ದರೂ ಕೈ ತಪ್ಪುತ್ತದೆ. ಪಟ್ಟಿ ಲಾಕ್ ಆಗುವ ದಿನದ ಹಿಂದಿನ ರಾತ್ರಿ ಅದನ್ನು ಪ್ರಿಂಟ್ ತೆಗೆದು ಮಗುವಿನ ಕೈಗೆ ಕೊಡಿ. ಮೇಲಿಂದ ಕೆಳಗೆ ಜೋರಾಗಿ ಓದಲಿ. ಎಲ್ಲಿ ದನಿ ಸಣ್ಣಗಾಗುತ್ತದೋ ಆ ಸಾಲನ್ನು ಇನ್ನೊಮ್ಮೆ ನೋಡಿ.